ರೌಂಡ್ ಫಿಗರ್

ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷ ದಾಟಿದ ಕಾರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ. ಚೆಕ್ ಎಂಜಿನ್ ದೀಪ ಹತ್ತಿಕೊಂಡಿದ್ದರೆ ಫೇಲು. ಫೇಲಾದರೆ ರಿಜಿಸ್ಟ್ರೇಷನ್ ನವೀಕರಣ ಇಲ್ಲ. ಹೀಗಾಗಿ ಫ್ರೀಮಾಂಟಿನ ಆ ಕನ್ನಡದ ಮನೆಗೆ ನವೀಕರಣದ ಪತ್ರ ಬಂದ ವಾರವೇ ಕಾರಿನಲ್ಲಿ ಹಳದಿ ದೀಪ ಹತ್ತಿದಾಗ, ಮನೆಮಂದಿಯೆಲ್ಲ ಮೆಕ್ಯಾನಿಕ್‌ಗಳಾದರು.

ಅತ್ತೆಗೆ ಸಂಶಯವೇ ಇರಲಿಲ್ಲ. ಲಿವರ್‌ಮೋರ್ ದೇವಸ್ಥಾನದಲ್ಲಿ ಕಾರಿಗೆ ಪೂಜೆ ಮಾಡಿಸಿದ ದಿನ ಚಕ್ರದಡಿಯ ನಿಂಬೆಹಣ್ಣೊಂದು ಜಾರಿ ಉರುಳಿತ್ತು. ಅವರು ಅವತ್ತೇ ಹೇಳಿದ್ದರಂತೆ. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಮಾವ ಬಾನೆಟ್ ಎತ್ತಿಸಿದರು, ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹೊದಿಕೆಯನ್ನು ಕಂಡು "ಎಂಜಿನ್ ಎಲ್ಲಿ?" ಎಂದರು. ವಾಟ್ಸಾಪ್ ಗುಂಪಿನ ಗೆಳೆಯನೊಬ್ಬ ಮಾತ್ರ "ಮಾರಿ ಟೆಸ್ಲಾ ತಗೋ" ಎಂದ. ಅವನು ಟೈರ್ ಪಂಕ್ಚರ್ ಆದರೂ ಅದನ್ನೇ ಹೇಳುವವನು.

ಮಗ ಸಾಫ್ಟ್‌ವೇರಿನವನು, ದೀಪವನ್ನು ನಂಬುವುದಿಲ್ಲ, ಲಾಗ್ ಬೇಕು. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಈಚಿನ ಎಲ್ಲ ಪೆಟ್ರೋಲ್ ಕಾರುಗಳಿಗೂ ಸ್ಟಿಯರಿಂಗ್ ಕೆಳಗೆಲ್ಲೋ ಹದಿನಾರು ಪಿನ್ನಿನ ಸಾಕೆಟ್ ಇರಲೇಬೇಕು. ಅದಕ್ಕೆ ಬೆಂಕಿಪೊಟ್ಟಣದಷ್ಟು ಉಪಕರಣ ಸಿಕ್ಕಿಸಿ ಫೋನಿನಲ್ಲಿ ಓದಿದ: ಪಿ0441. ಪೆಟ್ರೋಲ್ ಆವಿಯ ಹರಿವು ಸರಿಯಿಲ್ಲ.

"ಆವಿಗೂ ಲೆಕ್ಕ ಇಡ್ತಾರಾ?" ಎಂದು ಮಾವ ನಕ್ಕರು. ಅವರ ಆಯುಷ್ಯವೆಲ್ಲ ಡೀಸೆಲ್ ಬಸ್ಸಿನಲ್ಲಿ ಕಳೆದಿದೆ. ಡೀಸೆಲ್ ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ. ಪೆಟ್ರೋಲ್ ನಿಂತಲ್ಲೇ ಆವಿಯಾಗುತ್ತದೆ. ಆ ಆವಿ ಬಿಸಿಲಿನಲ್ಲಿ ಹೊಗೆಯ ಅನಿಲಗಳ ಜೊತೆ ಸೇರಿ ಲಾಸ್ ಏಂಜಲೀಸಿನ ಕಣ್ಣುರಿಗೆ ಕಾರಣವಾಗುತ್ತಿದೆ ಎಂದು ತೋರಿಸಿಕೊಟ್ಟವನು ಕ್ಯಾಲ್‌ಟೆಕ್‌ನ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್, 1950ರ ಆಸುಪಾಸಿನಲ್ಲಿ. 1970ರ ಮಾಡೆಲ್‌ಗಳಿಂದ ಕ್ಯಾಲಿಫೋರ್ನಿಯಾ ಆವಿಗೂ ಬೇಲಿ ಹಾಕಿತು. ಈಗ ಟ್ಯಾಂಕಿನ ಆವಿ ಇದ್ದಿಲು ತುಂಬಿದ ಒಂದು ಡಬ್ಬಿಗೆ ಹೋಗಿ ಅಂಟಿಕೊಳ್ಳುತ್ತದೆ. ಕಾರು ಓಡುವಾಗ ಪರ್ಜ್ ವಾಲ್ವ್ ಎಂಬ ಪುಟ್ಟ ಬಾಗಿಲು ತೆರೆದು ಎಂಜಿನ್ ಅದನ್ನು ಎಳೆದುಕೊಂಡು ಉರಿಸುತ್ತದೆ. ಈ ಇಡೀ ದಾರಿಯಲ್ಲಿ ಅರ್ಧ ಮಿಲಿಮೀಟರ್ ತೂತಿದ್ದರೂ ಕಂಪ್ಯೂಟರ್ ಪತ್ತೆಹಚ್ಚಬೇಕೆಂಬುದು ನಿಯಮ.

ಗುಂಪಿನಲ್ಲಿ ಈಗ ಒಮ್ಮತ: ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲ. ಮುಚ್ಚಳದ ದೋಷಕ್ಕೆ 0457 ಎಂಬ ಬೇರೆ ಸಂಖ್ಯೆಯೇ ಇದೆ, ಇದು ಅದಲ್ಲ. ಆದರೂ ಹೊಸ ಮುಚ್ಚಳ ಬಂತು. ದೀಪ ಹಾಗೇ ಉಳಿಯಿತು.

ಅಷ್ಟರಲ್ಲಿ ಮೊಮ್ಮಗಳು ಜೇಡ ಎಂದಳು. ಹುಡುಗಾಟವಲ್ಲ, 2011ರಲ್ಲಿ ಮಾಜ್ದಾ ಕಂಪನಿ ಅಮೆರಿಕದಲ್ಲಿ ಸುಮಾರು 52 ಸಾವಿರ ಮಾಜ್ದಾ 6 ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು, ಆವಿಯ ಕೊಳವೆಯಲ್ಲಿ ಹಳದಿ ಜೇಡಗಳು ಬಲೆ ಕಟ್ಟುತ್ತವೆಂದು. ಕೊಳವೆ ಕಟ್ಟಿಕೊಂಡರೆ ಟ್ಯಾಂಕೇ ಬಿರುಕು ಬಿಡಬಹುದು. ಅತ್ತೆ ಆಮೇಲೆ ಮನೆಯ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮೇಲೆತ್ತಿಕೊಂಡೇ ಕೂತರು.

ನಿಜವಾದ ಸುಳಿವು ಸೊಸೆಯ ಹತ್ತಿರ ಇತ್ತು. ಬಂಕಿನಿಂದ ಹೊರಡುವಾಗಲೆಲ್ಲ ಕಾರು ಎರಡು ಮೂರು ಸಲ ಕೆಮ್ಮಿ ಸ್ಟಾರ್ಟ್ ಆಗುತ್ತದೆ, ಬೇರೆ ಹೊತ್ತಿನಲ್ಲಿ ಅಲ್ಲ. ಇದನ್ನು ಅವಳು ದೀಪಾವಳಿಯಿಂದ ಹೇಳುತ್ತಲೇ ಬಂದಿದ್ದಳು. "ಬ್ಯಾಟರಿ ಇರ್ಬೇಕು" ಎಂದು ಗಂಡ ಸ್ಕ್ರೀನಿನಿಂದ ಕಣ್ಣೆತ್ತದೆ ಉತ್ತರಿಸುತ್ತ ಬಂದಿದ್ದ. ಪೆಟ್ರೋಲ್ ಹಾಕಿದೊಡನೆ ಎಂಜಿನ್‌ಗೆ ಆವಿ ನುಗ್ಗುತ್ತಿದೆ ಎಂದರೆ ಪರ್ಜ್ ವಾಲ್ವ್ ಮುಚ್ಚುತ್ತಿಲ್ಲವೆಂದೇ ಅರ್ಥ.

ಪರೀಕ್ಷೆ ಮಾವನದು. ಎಂಜಿನ್ ಐಡಲಿಂಗ್‌ನಲ್ಲಿ ಬಿಟ್ಟು, ವಾಲ್ವಿನ ವಿದ್ಯುತ್ ಪ್ಲಗ್ ಕಳಚಿಸಿ, ಡಬ್ಬಿಯ ಕಡೆಯ ರಬ್ಬರ್ ಕೊಳವೆ ಬಿಡಿಸಿ, ವಾಲ್ವಿನ ಬಾಯಿಗೆ ಹೆಬ್ಬೆರಳು ಒತ್ತಿದರು. ಕರೆಂಟ್ ಇಲ್ಲದಾಗ ಅದು ಬಿಗಿಯಾಗಿ ಮುಚ್ಚಿರಬೇಕು. "ಎಳೀತಿದೆ ಕಣೋ" ಎಂದರು, ಮುಖ ಡಿಪೋದ ಕಾಲಕ್ಕೆ ಹೋಗಿತ್ತು. ವಾಲ್ವ್ ಬಿಚ್ಚಿ ಅಂಗೈಗೆ ತಟ್ಟಿದರೆ ಸಾಸಿವೆಗಿಂತ ಸಣ್ಣ ಕಪ್ಪು ಹರಳುಗಳು ಉದುರಿದವು. ಅತ್ತೆ ಒಂದನ್ನು ಉಜ್ಜಿ ನೋಡಿ, "ಇದ್ದಿಲು" ಎಂದರು.

ಡಬ್ಬಿಯೊಳಗಿನ ಇದ್ದಿಲು ವಾಲ್ವಿಗೆ ಬಂದದ್ದು ಹೇಗೆ? ಆ ಡಬ್ಬಿ ಇರುವುದು ಆವಿಗೆ, ಪೆಟ್ರೋಲಿಗಲ್ಲ. ಪಂಪು ಟಕ್ ಎಂದ ಮೇಲೂ ಒತ್ತಿ ತುಂಬಿದರೆ ಪೆಟ್ರೋಲೇ ಡಬ್ಬಿಗೆ ನುಗ್ಗಬಹುದು; ನೆನೆದ ಇದ್ದಿಲು ಕ್ರಮೇಣ ಪುಡಿಯಾಗಿ ಕೊಳವೆ ಹಿಡಿದು ಹೊರಡುತ್ತದೆ. ದಾವಣಗೆರೆಯ ಬಂಕಿನಲ್ಲಿ "ರೌಂಡ್ ಫಿಗರ್ ಮಾಡಪ್ಪ" ಎಂದು ಬೆಳೆದ ಮಗ ಕಾಸ್ಟ್‌ಕೋ ಬಂಕಿನಲ್ಲಿ 46 ಡಾಲರ್ 30 ಸೆಂಟಿಗೆ ನಿಂತದ್ದನ್ನು 50ಕ್ಕೆ ಮುಟ್ಟಿಸದೆ ಎಂದೂ ಬಂದವನಲ್ಲ. ಎಲ್ಲರೂ ಅವನನ್ನೇ ನೋಡಿದರು. ಅವನು ಫೋನ್ ನೋಡಿದ.

ವಾಲ್ವ್, ಡಬ್ಬಿ ಎರಡೂ ಹೊಸವು ಬಂದವು. ಕೋಡ್ ಅಳಿಸಿದರೆ ಕಾರು ತನ್ನ ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿಂದ ಮಾಡಿಕೊಳ್ಳಬೇಕು. 2000 ಮತ್ತು ಅನಂತರದ ಮಾಡೆಲ್‌ಗಳಿಗೆ ಆವಿಯದೊಂದು ಬಾಕಿ ಉಳಿದರೆ ಸ್ಮಾಗ್‌ನವರು ಬಿಡುತ್ತಾರೆ, ಆದರೆ ಸರಿಯಾಯಿತೋ ಇಲ್ಲವೋ ತಿಳಿಯಲು ಇವರಿಗೆ ಬೇಕಾದದ್ದು ಅದೇ. ಅದು ನಡೆಯಲು ಎಂಜಿನ್ ತಣ್ಣಗಿರಬೇಕು, ಟ್ಯಾಂಕ್ ತೀರಾ ಖಾಲಿಯೂ ತೀರಾ ಭರ್ತಿಯೂ ಇರಬಾರದು. ಭರ್ತಿ ಮಾಡದೆ ಇರುವುದು ಮಗನಿಗೆ ಆಗದು. ಕೊನೆಗೆ ಸೊಸೆಯೇ ದಾರಿ ತೋರಿಸಿದಳು: ಮೂಲೆಯ ಬಂಕಿನ ಕೌಂಟರಿನಲ್ಲಿ ಮೊದಲೇ 40 ಡಾಲರ್ ನಗದು ಕೊಟ್ಟರೆ ಮೀಟರ್ ತಾನಾಗಿ ಸರಿಯಾಗಿ 40ಕ್ಕೆ ನಿಲ್ಲುತ್ತದೆ. ಕಾಸ್ಟ್‌ಕೋ ಬಂಕಿನಲ್ಲಿ ನಗದು ನಡೆಯುವುದಿಲ್ಲ. ಮೂಲೆಯ ಬಂಕಿನಲ್ಲಿ ಗ್ಯಾಲನ್ನಿಗೆ ದರ ಹೆಚ್ಚು. ಮಗ ಈಗ ಅಲ್ಲಿಗೇ ಹೋಗುತ್ತಾನೆ.