ಕಾಲು ತೆಗೆದರೆ ನಡುಕ

ದೇವರಾಜ ಮೊಹಲ್ಲಾದಲ್ಲಿ ಕಾರು ಓಡಿಸುವುದೆಂದರೆ ಮುಕ್ಕಾಲು ಪಾಲು ಕಾರನ್ನು ನಿಧಾನಿಸುವುದೇ. ಅರಸು ರಸ್ತೆಯಲ್ಲಿ ಪಾರ್ಕಿಂಗ್ ಹುಡುಕುತ್ತ ನಿಧಾನ, ಚಿಕ್ಕ ಗಡಿಯಾರದ ಬಳಿ ಹೂವಿನ ಬುಟ್ಟಿಗೆ ದಾರಿ ಬಿಟ್ಟು ನಿಧಾನ, ಸಯ್ಯಾಜಿರಾವ್ ರಸ್ತೆಯಲ್ಲಂತೂ ದಸರಾ ಇಲ್ಲದಿದ್ದರೂ ಜಂಬೂಸವಾರಿಯ ಗತಿ. ಇಂಥ ಕಡೆ ನಮ್ಮ ಭಾವನವರ ಕಾರ್ಬುರೇಟರ್ ಕಾಲದ ಕಾರಿಗೆ ಹೊಸ ಕಾಯಿಲೆ. ಓಡುವಾಗ ಪರಮ ಸಾಧು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಡಗಡ ನಡುಕ.

ವೈದ್ಯರಿಗೇನು ಬರ? ಪಕ್ಕದಲ್ಲೇ ಧನ್ವಂತರಿ ರಸ್ತೆ! ಬಾಳೆಹಣ್ಣಿನವರು, “ಪೆಟ್ರೋಲಿಗೆ ನೀರು ಸೇರೈತೆ ಸ್ವಾಮಿ” ಅಂದರು. ಆಟೋದವರು ಪ್ಲಗ್ ಅಂದರು. ನಿವೃತ್ತ ಮೇಷ್ಟ್ರೊಬ್ಬರು ಬಾನೆಟ್ಟಿನೊಳಗೆ ಬೆರಳು ತೋರಿಸಿ “ಬ್ಯಾಟರಿ” ಅಂದರು. ಬೆರಳಿದ್ದದ್ದು ಬ್ಯಾಟರಿಯ ಮೇಲೇ, ಹಾಗಾಗಿ ಸುಳ್ಳೆನ್ನುವಂತಿಲ್ಲ.

ಮೆಕ್ಯಾನಿಕ್ ಮಾತ್ರ ಮಾತಾಡಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ರಬ್ಬರ್ ಪೈಪುಗಳ ಮೇಲೆ ಅಲ್ಲಲ್ಲಿ ಚೂರು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದ. ಒಂದು ಕಡೆ ಸದ್ದು ಬದಲಾಯಿತು. “ಇಲ್ಲೇ ಗಾಳಿ ಎಳೀತಿದೆ ಸಾರ್.” (ಬಿಸಿ ಎಂಜಿನ್ ಮೇಲೆ ಹೊತ್ತಿಕೊಳ್ಳುವ ದ್ರವ, ಮನೆಯಲ್ಲಿ ಈ ಸಾಹಸ ಬೇಡ.) ಕಾಲು ತೆಗೆದಾಗ ಥ್ರಾಟಲ್ ಮುಚ್ಚಿ ಒಳಗಿನ ಸೆಳೆತ ಜೋರಾಗುತ್ತದೆ. ಬಿರುಕುಬಿಟ್ಟ ಪೈಪು ಲೆಕ್ಕಕ್ಕಿಲ್ಲದ ಗಾಳಿ ಹೀರುತ್ತದೆ, ಪೆಟ್ರೋಲ್ ಸಾಲದೆ ಎಂಜಿನ್ ಮುಗ್ಗರಿಸುತ್ತದೆ. ವೇಗದಲ್ಲಿದ್ದಾಗ ಹೇಗೂ ರಾಶಿ ಗಾಳಿ, ಈ ಕಳ್ಳಗಾಳಿ ಅದರಲ್ಲಿ ಕರಗಿಹೋಗುತ್ತದೆ.

ಗೇಣುದ್ದದ ಪೈಪಿಗೂ ಭಾವ ಚೌಕಾಸಿಗೆ ನಿಂತರು. ಮೇಷ್ಟ್ರು ಅಷ್ಟರಲ್ಲಿ ಪಕ್ಕದ ಸ್ಕೂಟರಿನ ಕಡೆ ಬಗ್ಗಿದ್ದರು.