ಏಪ್ರಿಲ್ ಹತ್ತರ ವಿಲೇವಾರಿ ಮೀಮಾಂಸೆ

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಶಾಲಾ ವರ್ಷ ಮುಗಿದಾಗ ಮನೆಮಂದಿ ನಡೆಸುವ ಆಚರಣೆಗಳ ಬಗ್ಗೆ ವಿದ್ವಾಂಸರು ಈವರೆಗೆ ತುಟಿ ಬಿಚ್ಚಿಲ್ಲ. ಊರವರನ್ನು ಕೇಳಿದರೆ ‘ಏನ್ ಮಾಡ್ತಾರೆ, ಅಜ್ಜಿ ಊರಿಗೆ ಕಳಿಸ್ತಾರೆ’ ಎನ್ನುತ್ತಾರೆ. ಇಡೀ ದರ್ಶನ ಈ ಒಂದು ಉತ್ತರದಲ್ಲಡಗಿದೆ. ಏಪ್ರಿಲ್ 10ರಂದು ಪಾಸು-ಫೇಲು ಓದಿ ಹೇಳಿದ ಮೇಲೆ ನಡೆಯುವ ಸಕಲ ಕ್ರಿಯೆಗಳೂ ವಿಲೇವಾರಿಯ ವಿವಿಧ ರೂಪಗಳೆಂಬುದು ನಮ್ಮ ಸಿದ್ಧಾಂತ.

ಮೊದಲು ಪ್ರಾಚೀನತೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಹಚ್ಚಿದ ಅಶೋಕನ ಶಾಸನ, ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎನ್ನುತ್ತದೆ. ಇಷ್ಟನ್ನು ಬಂಡೆಯಲ್ಲಿ ಕೆತ್ತಿಸಬೇಕಾಯಿತೆಂದರೆ ಈ ಸೀಮೆಯ ಹುಡುಗರ ಮೇಲೆ ಪಾಟಲಿಪುತ್ರಕ್ಕೇ ದೂರು ಹೋಗಿರಬೇಕು. ಆದೇಶ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂತು. ಈಗಲೂ ಸುತ್ತೋಲೆಗಳು ಹೀಗೇ ಮೇಲಿನ ಕಚೇರಿಯಿಂದ ಬಿಇಒ ಕಚೇರಿಗೆ ಇಳಿಯುತ್ತವೆ. ಆಗ ಆದೇಶಕ್ಕೆ ಮುಂಚೆ ಅಧಿಕಾರಿಯ ಆರೋಗ್ಯ ವಿಚಾರಿಸುತ್ತಿದ್ದರು ಎಂಬುದಷ್ಟೇ ವ್ಯತ್ಯಾಸ. ಶಾಸನದಲ್ಲಿನ 256 ಎಂಬ ಅಂಕಿಯನ್ನು ಇತಿಹಾಸಕಾರರು ಪ್ರವಾಸದ ರಾತ್ರಿಗಳೆಂದು ಓದುತ್ತಾರೆ. ಅದು ಶಾಲೆ ನಡೆದ ದಿನಗಳ ಲೆಕ್ಕ, ಉಳಿದ 109 ರಜೆ ಎಂಬುದು ನಮ್ಮ ಮತ. ಲಿಪಿಕಾರ ಚಪಡ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಗೀಚಿಬಿಟ್ಟ. ಕೊನೆಯ ದಿನ ಗೆಳೆಯರ ಬಿಳಿ ಶರ್ಟಿಗೆ ಇಂಕು ಚಿಮ್ಮಿಸುವ ಪದ್ಧತಿಗೆ ಇವನೇ ಮೂಲಪುರುಷ. ತಾಯಂದಿರು ಈ ಪರಂಪರೆಯನ್ನು ಒಪ್ಪುವುದಿಲ್ಲ, ಸೋಪಿನ ರೇಟು ಹೇಳುತ್ತಾರೆ.

ಹರಕೆಯ ವಿಚಾರ ಜಟಿಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಫಾಲ್ಗುಣದಲ್ಲಿ, ಪರೀಕ್ಷೆಯ ನೆತ್ತಿಯ ಮೇಲೇ ಬರುತ್ತದೆ. ಮಗ ಪಾಸಾದರೆ ಬರೋ ವರ್ಷ ಕೊಬ್ಬರಿ ಸುಡುತ್ತೇನೆಂದು ತಾಯಿ ಹೊತ್ತುಕೊಳ್ಳುತ್ತಾಳೆ. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು, ಎಂಟನೇ ತರಗತಿವರೆಗೆ ಯಾರನ್ನೂ ಫೇಲು ಮಾಡುವಂತಿಲ್ಲ ಎಂದಾಗ ಹರಕೆಯ ಬುಡವೇ ಅಲುಗಬೇಕಿತ್ತು. ಅಲುಗಲಿಲ್ಲ. ಹಾಗಾದರೆ ಹುಡುಗನನ್ನು ಪಾಸು ಮಾಡಿದ್ದು ಪಾರ್ಲಿಮೆಂಟೋ ಸ್ವಾಮಿಯೋ? ಪಾರ್ಲಿಮೆಂಟೆಂಬುದು ಪೂರ್ವಪಕ್ಷ. ‘ಪಾರ್ಲಿಮೆಂಟಿಗೆ ಆ ಬುದ್ಧಿ ಕೊಟ್ಟೋರು ಯಾರು?’ ಎಂದು ತಾಯಿ ಕೇಳುತ್ತಾಳೆ. ಪೂರ್ವಪಕ್ಷ ಅಲ್ಲಿಗೆ ಮಕಾಡೆ.

ಬಳಿಕ ಪುಸ್ತಕ ವಿಸರ್ಜನೆ. ಪಠ್ಯಪುಸ್ತಕ ಓಣಿಯ ಕಿರಿಯನಿಗೆ ಅರ್ಧ ಬೆಲೆಗೆ, ನೋಟ್‌ಬುಕ್ಕು ಗುಜರಿಗೆ ಕೆಜಿ ಲೆಕ್ಕದಲ್ಲಿ. ತಕ್ಕಡಿಯ ಮುಂದೆ ದುಂಡಕ್ಷರವೂ ಕಾಗೆಕಾಲೂ ಒಂದೇ. ಇಷ್ಟು ನಿಷ್ಪಕ್ಷಪಾತ ಮೌಲ್ಯಮಾಪನ ಬೇರೆಲ್ಲೂ ಇಲ್ಲ. ಬಂದ ದುಡ್ಡಿಗೆ ಮನೆಮಂದಿಗೆಲ್ಲ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಶೇಂಗಾ ಎಣ್ಣೆ ಮಿಲ್ಲುಗಳಿಂದಲೇ ‘ಎಣ್ಣೆ ನಗರಿ’ ಎನಿಸಿಕೊಂಡ ಚಳ್ಳಕೆರೆಯಲ್ಲಿ ಬಜ್ಜಿಯಿಲ್ಲದ ಆಚರಣೆ ಶಾಸ್ತ್ರಸಮ್ಮತವಲ್ಲ. ಪೊಟ್ಟಣದ ಹಾಳೆಯಲ್ಲಿ ಕೆಂಪು ಇಂಕಿನ ಸೊನ್ನೆ ಕಂಡರೆ ‘ಬರವಣಿಗೆ ನಿಂದಿದ್ದಂಗೇ ಐತಲ್ಲೋ’ ಎಂದು ತಂದೆ ಹುಬ್ಬೇರಿಸುತ್ತಾನೆ. ಮಗ ಮಾತಾಡದೆ ಬಿಸಿ ಬಜ್ಜಿಯನ್ನು ಅದರ ಮೇಲಿಟ್ಟು ಸಾಕ್ಷ್ಯ ನಾಶಪಡಿಸುತ್ತಾನೆ.

ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮನೆಗಳಲ್ಲಿ ಆಚರಣೆ ಸಂಕ್ಷಿಪ್ತ. ‘ರಜಾ ಬಂತಲ್ಲ, ಕಂಡಿಕೆ ಸುತ್ತು ಬಾ’ ಎನ್ನುವಲ್ಲಿಗೆ ಮುಗಿಯಿತು.

ಕಟ್ಟಕಡೆಯ ವಿಲೇವಾರಿ ಮಗುವಿನದು. ಬಟ್ಟೆಚೀಲ, ಶೇಂಗಾ ಉಂಡೆ ಡಬ್ಬಿ ಕೊಟ್ಟು ಪರಶುರಾಂಪುರಕ್ಕೋ ಗಡಿಯಾಚೆಯ ರಾಯದುರ್ಗಕ್ಕೋ ಬಸ್ಸು ಹತ್ತಿಸುತ್ತಾರೆ. ರಾಯದುರ್ಗಕ್ಕೆ ಹೋದವರು ತೆಲುಗು ಬೈಗುಳ ಕಲಿತು ಬರುತ್ತಾರೆ. ತ್ರಿಭಾಷಾ ಸೂತ್ರ ಇಷ್ಟು ಪರಿಣಾಮಕಾರಿಯಾಗಿ ಜಾರಿಯಾದ ಉದಾಹರಣೆ ನಮಗೆ ಸಿಕ್ಕಿಲ್ಲ. ಬಸ್‌ಸ್ಟ್ಯಾಂಡಿನಿಂದ ವಾಪಸಾದ ತಾಯಿ ‘ಮನೆ ಬಿಕೋ ಅಂತೈತೆ’ ಎಂದು ಹೇಳಿ, ಫ್ಯಾನಿನ ಕೆಳಗೆ ಕಾಲು ಚಾಚಿ, ಆ ಬಿಕೋವನ್ನು ಸಂಜೆಯವರೆಗೆ ಅನುಭವಿಸುತ್ತಾಳೆ.

ಇಷ್ಟಕ್ಕೆ ಸಿದ್ಧಾಂತ ಪೂರ್ಣವಾಗದು. ಅಜ್ಜಿಯರಿಗೂ ಒಂದು ಹಬ್ಬವಿದೆ. ಅದು ಬರುವುದು ಮೇ ಕೊನೆಗೆ, ಶಾಲೆ ತೆರೆಯುವಾಗ. ಕ್ಷೇತ್ರಕಾರ್ಯಕ್ಕೆಂದು ಹೋಗಿ ಅದರ ವಿಧಿವಿಧಾನ ಕೇಳಿದೆವು. ಮಾವಿನಮರದ ಮೇಲಿದ್ದ ಮೊಮ್ಮಗನತ್ತ ಕೋಲು ತೋರಿಸಿ ಅಜ್ಜಿ ಹೇಳಿದರು: ‘ಮದ್ಲು ಇವನ್ನ ಕರ್ಕಂಡ್ ಹೋಗಪ್ಪ, ಆಮೇಲ್ ಬಂದು ಬರ್ಕಳೀವಂತೆ.’