ಹಳ್ಳದ ಏರು ನೋಡಿ ಹೇರು

“ಮಾಸ್ತರ, ನಿನ್ನಿ ರಾತ್ರಿ ನಿಮ್ಮ ಇಮಾನ ಬೆಂಗಳೂರ ಮುಟ್ಟಿತೋ ಇಲ್ಲೋ?”

ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಕಾಕಾ ಪೌಳಿಯ ಆಚೆಯಿಂದ ಕೇಳಿದರು. ನಮ್ಮ ಹಿತ್ತಲಿಗೂ ಅವರ ದನದ ಕೊಟ್ಟಿಗೆಗೂ ನಡುವೆ ಇರುವುದು ಎದೆಮಟ್ಟದ ಒಂದು ಕಲ್ಲಿನ ಪೌಳಿ. ಕೊಟ್ಟಿಗೆಯಲ್ಲಿ ಈಗ ಒಂದು ಎಮ್ಮೆ ಮಾತ್ರ ಇದೆ. ಯಲವಿಗಿ ಸ್ಟೇಷನ್ ಇರುವ ಊರು. ರೈಲು ಬಂತೇ, ಎಷ್ಟು ತಡ ಎಂದು ಇಲ್ಲಿ ಯಾರು ಬೇಕಾದರೂ ಕೇಳುತ್ತಾರೆ. ವಿಮಾನ ಮುಟ್ಟಿತೇ ಎಂದು ಕೇಳುವವರು ಕಾಕಾ ಒಬ್ಬರೇ. ನನ್ನ ಕೋಣೆಯ ಕಿಟಕಿ ಅವರ ಪಡಸಾಲೆಗೆ ನೇರ. ರಾತ್ರಿ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ನಾನು ಸೆಸ್ನಾ 172 ಹಾರಿಸುವಾಗ ಎಂಜಿನ್ನಿನ ಸದ್ದು ಅವರ ಹಾಸಿಗೆಯವರೆಗೂ ಹೋಗುತ್ತದೆ. ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ.

“ಇಲ್ರೀ ಕಾಕಾರ. ಜಕ್ಕೂರ ಇನ್ನೇನ ಬಂತು ಅನ್ನೂದ್ರಾಗ ಪರದೆ ಕಪ್ಪಾತು. ಮೆಮರಿ ಸಾಲಲಿಲ್ಲ.”

“ಮೆಮರಿ ಅಂದ್ರ ನೆನಪಲ್ಲೇನು? ಹಾದಿ ಮರೀತೇನು ಅದು?”

ನನಗೆ ಆಗ ಹೊಳೆಯಿತು, ಮೆಮರಿಯನ್ನು ನೆನಪು ಎಂದುಕೊಂಡರೆ ಈ ವಿಷಯ ತಿಳಿಯುವುದೇ ಇಲ್ಲ. ಅದು ಜಾಗ. ಕೆಲಸಕ್ಕೆ ಬೇಕಾದದ್ದನ್ನು ಕೈಗೆ ಸಿಗುವಂತೆ ಹರವಿಕೊಳ್ಳುವ ಜಾಗ. ಕಾಕು ಅಲ್ಲೇ ಹಿತ್ತಲ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅವರನ್ನೇ ತೋರಿಸಿ ಹೇಳಿದೆ: “ನೋಡ್ರಿ, ಕಂಪ್ಯೂಟರಿನ ಡಿಸ್ಕ್ ಅಂದ್ರ ಹಗೇವು. ರ‍್ಯಾಮ್ ಅಂದ್ರ ಅಡಿಗಿ ಮನಿ ಹಿಟ್ಟಿನ ಡಬ್ಬಿ. ಗ್ರಾಫಿಕ್ಸ್ ಕಾರ್ಡಿಗೂ ತಂದs ಒಂದು ಮೆಮರಿ ಇರ್ತೈತಿ, ಅದು ಕಾಕು ಮುಂದಿನ ಪರಾತ. ಪರಾತದಾಗ ಹಿಟ್ಟು ಇರೂತನಕ ಕೈ ನಿಲ್ಲಂಗಿಲ್ಲ. ಅಲ್ಲಿ ಮುಗೀತಂದ್ರ ಡಬ್ಬಿಗೆ ಏಳಬೇಕು. ಡಬ್ಬ್ಯಾಗೂ ಇಲ್ಲಂದ್ರ ಹಗೇವ ತಗೀಬೇಕು.”

“ತಗದ್ರ ಮುಗೀತೇನು? ಜ್ವಾಳ ಬೀಸಬೇಕಲ್ಲ,” ಎಂದರು ಕಾಕು, ತಲೆ ಎತ್ತದೆ. “ಅಷ್ಟೊತ್ತಿಗೆ ಹಂಚಿನ ಮ್ಯಾಲಿನ ರೊಟ್ಟಿ ಕರಕ ಆಗಿರ್ತೈತಿ.”

ಅವರು ಹೇಳಿದ್ದು ನಾನು ಹೇಳಿದ್ದಕ್ಕಿಂತ ನಿಖರ. ಡಿಸ್ಕಿನಲ್ಲಿ ನೆಲದ ಚಿತ್ರ, ಕಟ್ಟಡ, ಮರಗಳೆಲ್ಲ ಒತ್ತಿ ಕಟ್ಟಿಟ್ಟ ಮೂಟೆಗಳು. ತೆಗೆದ ಮೇಲೆ ಬಿಚ್ಚಿ ಹದ ಮಾಡಬೇಕು, ಅದೇ ಬೀಸುವ ಕೆಲಸ. ಸಿಮ್ಯುಲೇಟರ್ ಒಂದು ಸೆಕೆಂಡಿಗೆ 30 ರೊಟ್ಟಿ ಬಡಿಯಬೇಕು. ಅಂದರೆ 30 ಚಿತ್ರ. ಒಂದು ಚಿತ್ರಕ್ಕೆ ಸೆಕೆಂಡಿನ ಮೂವತ್ತನೆಯ ಒಂದು ಭಾಗ ಮಾತ್ರ ಸಿಗುತ್ತದೆ. ಅಷ್ಟರಲ್ಲಿ ಹಗೇವಿಗೆ ಹೋಗಿ ಬರಲು ಆದೀತೆ?

ಈ ಜಾಗದ ಕೊರತೆ ನಿನ್ನೆಯದಲ್ಲ. ಬ್ರೂಸ್ ಆರ್ಟ್‌ವಿಕ್ ಬರೆದ ಸಿಮ್ಯುಲೇಟರನ್ನು ಮೈಕ್ರೋಸಾಫ್ಟ್ 1982ರಲ್ಲಿ ಹೊರತಂದಾಗ 64 ಕೆಬಿ ಮೆಮರಿಯಲ್ಲಿ ಅದು ಓಡುತ್ತಿತ್ತು. 2024ರ ನವೆಂಬರಿನಲ್ಲಿ ಬಂದ ಅದೇ ವಂಶದ ಸಿಮ್ಯುಲೇಟರಿಗೆ 32 ಜಿಬಿ ಇದ್ದರೆ ಒಳ್ಳೆಯದು ಎಂದು ತಯಾರಿಸಿದವರೇ ಹೇಳುತ್ತಾರೆ. ಲೆಕ್ಕ ಹಾಕಿದರೆ ಐದು ಲಕ್ಷ ಪಟ್ಟಿಗೂ ಹೆಚ್ಚು. ನಡುವೆ ಒಂದು ಕಾಲವಿತ್ತು, ಅದನ್ನು ಕಂಡವರಿಗೆ ನನ್ನ ಮಾತು ತಿಳಿಯುತ್ತದೆ. 2006ರಲ್ಲಿ ಬಂದ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ 32 ಬಿಟ್ಟಿನದು. 32 ಬಿಟ್ಟಿನಲ್ಲಿ ಬರೆಯಬಹುದಾದ ವಿಳಾಸಗಳು 4,29,49,67,296. ಅಂದರೆ 4 ಜಿಬಿ. ಯಂತ್ರದಲ್ಲಿ 64 ಜಿಬಿ ಕೂಡಿಸಿದರೂ ಪ್ರೋಗ್ರಾಮಿಗೆ ನಾಲ್ಕರಾಚೆ ಮನೆ ನಂಬರೇ ಇಲ್ಲ. ಆ ಕಾಲದಲ್ಲಿ ಮೂರು ನಾಲ್ಕು ತಾಸು ಹಾರಿಸಿದವರು ಇಳಿಯುವ ಹೊತ್ತಿಗೆ ಕೈಚೆಲ್ಲುತ್ತಿದ್ದುದು ಸಾಮಾನ್ಯ. ಹಾದಿಯಲ್ಲಿ ಎತ್ತಿಕೊಂಡ ಸಾಮಾನು ಪೂರ್ತಿ ಇಳಿಯುತ್ತಿರಲಿಲ್ಲ, ಮುಟ್ಟುವ ಊರಿನದು ಅದರ ಮೇಲೆ ಬೀಳುತ್ತಿತ್ತು. (ಆ ಸಿಮ್ಯುಲೇಟರ್ ಬಂದಾಗ ದೇವನಹಳ್ಳಿ ನಿಲ್ದಾಣ ಇನ್ನೂ ತೆರೆದಿರಲಿಲ್ಲ, ಅದು ತೆರೆದದ್ದು 2008ರ ಮೇ 24ಕ್ಕೆ. ಹಾಗಾಗಿ ಅದರೊಳಗಿನ ಬೆಂಗಳೂರು ವಿಮಾನ ನಿಲ್ದಾಣ ಎಂದರೆ ಎಚ್‌ಎಎಲ್. ಹಳೆಯ ಬೆಂಗಳೂರನ್ನು ಈಗಲೂ ಅಲ್ಲಿ ಇಳಿದು ನೋಡಬಹುದು, ನನಗೆ ಅದು ಇಷ್ಟ.) ಮುಂದೆ 64 ಬಿಟ್ಟಿನವು ಬಂದವು, ಲಾಕ್‌ಹೀಡ್ ಮಾರ್ಟಿನ್‌ನ ಪ್ರಿಪೇರ್‌3ಡಿ 2017ರಲ್ಲಿ ಆ ಕಡೆ ದಾಟಿತು. ಗೋಡೆ ಬಿತ್ತು ಎಂದುಕೊಂಡೆವು. ಬಿದ್ದಿರಲಿಲ್ಲ, ಸರಿದಿತ್ತು. ಈಗ ಅದು ಗ್ರಾಫಿಕ್ಸ್ ಕಾರ್ಡಿನೊಳಗೆ ಬಂದು ನಿಂತಿದೆ.

ನನ್ನ ಕಾರ್ಡಿನಲ್ಲಿರುವುದು 6 ಜಿಬಿ. ಹಿಂದಿನ ದಿನ ಕಾಕಾರ ಮೊಮ್ಮಗ ಬಂದಿದ್ದ, ಹಾವೇರಿಯಲ್ಲಿ ಪಿಯುಸಿ ಓದುವ ಹುಡುಗ. ಕೈ ಚುರುಕು. “ಸರ್, ಎಲ್ಲಾ ಅಲ್ಟ್ರಾಕ್ಕ ಇಡೋಣು,” ಎಂದ. ವಿಮಾನ ಹುಬ್ಬಳ್ಳಿಯ ಗೋಕುಲ ರೋಡಿನ ನಿಲ್ದಾಣದಲ್ಲಿ ನಿಂತಿತ್ತು. ಒಂದೊಂದೇ ಏರಿಸಿದ, ಪ್ರತಿಸಲ ಪರದೆಯ ಮೂಲೆಯ ಅಂಕಿ ನೋಡಿದ. ಸೆಕೆಂಡಿಗೆ ನಲವತ್ತು ಚಿತ್ರ, ಎಲ್ಲೂ ತೊಡರಿಲ್ಲ. ಮೇಲೆದ್ದು ಕುಂದಗೋಳ, ಗುಡಗೇರಿ ದಾಟಿ ನಮ್ಮೂರ ಮೇಲೆ ಬಂದಾಗಲೂ ಹಾಗೇ. ನಮ್ಮ ಕಡೆಯ ಎರಿ ಭೂಮಿಯಲ್ಲಿ ಮೇಲಿನಿಂದ ನೋಡಿದರೆ ಏನಿದೆ? ಹೊಲ, ಬದು, ಅಲ್ಲೊಂದು ಇಲ್ಲೊಂದು ಬೇವಿನ ಗಿಡ. ಹುಡುಗ ಖುಷಿಯಾಗಿ ಊಟಕ್ಕೆ ಹೋದ. ನಾನು ಮುಂದೆ ಸಾಗಿದೆ, ಹೆಚ್ಚುಕಡಿಮೆ ಒಂದೂಮುಕ್ಕಾಲು ತಾಸಿನ ಹಾದಿ. ತುಮಕೂರು ಕಳೆದ ಮೇಲೆ ಮನೆಗಳು ದಟ್ಟವಾದವು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಕಾರ್ಡಿನ ಸ್ವಂತ ಮೆಮರಿ ತುಂಬಿ, ಅದರ ಕೆಳಗೆ ‘ಶೇರ್ಡ್’ ಎಂಬ ಅಂಕಿ ಏರತೊಡಗಿತ್ತು. ಪರಾತ ತುಂಬಿ ಡಬ್ಬಿಯಿಂದ ಸಾಲ ತರುತ್ತಿದೆ ಎಂದು ಅದರ ಅರ್ಥ. ಯಲಹಂಕದ ಬಳಿ ನಲವತ್ತು ಇದ್ದದ್ದು ಒಂಬತ್ತಕ್ಕೆ ಬಂತು. ಜಕ್ಕೂರಿನ ಪಟ್ಟಿ ಕಣ್ಣಿಗೆ ಬಿದ್ದಿತು, ಫ್ಲ್ಯಾಪ್ ಇಳಿಸಿದೆ, ಅಷ್ಟೇ.

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ಸೆಟ್ಟಿಂಗುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ದುಡಿಮೆ ಕೇಳುತ್ತವೆ, ಕೆಲವು ಜಾಗ ಕೇಳುತ್ತವೆ. ಮೋಡಗಳು ಹೆಚ್ಚಾಗಿ ದುಡಿಮೆಯ ಕಡೆ. ಅವನ್ನು ಇಳಿಸಿದರೆ ಕಾರ್ಡಿಗೆ ಉಸಿರು ಬರುತ್ತದೆ, ಜಾಗ ಅಷ್ಟೇನೂ ಉಳಿಯುವುದಿಲ್ಲ. ಟೆಕ್ಸ್ಚರ್, ಅಂದರೆ ಗೋಡೆ, ರೆಕ್ಕೆ, ನೆಲಕ್ಕೆ ಹೊದಿಸುವ ಚಿತ್ರ, ಪೂರ್ತಿ ಜಾಗದ ಕಡೆ. ಒಂದು ಬದಿಗೆ 4,096 ಚುಕ್ಕಿ ಇರುವ ಒಂದು ಚಿತ್ರ, ಚುಕ್ಕಿಗೆ ನಾಲ್ಕು ಬೈಟಿನಂತೆ, 64 ಎಂಬಿ. ಒತ್ತಿ ಇಟ್ಟರೂ 16. ಬದಿಯನ್ನು ಅರ್ಧ ಮಾಡಿ 2,048ಕ್ಕೆ ತಂದರೆ ಬರೀ 4. ಅರ್ಧ ಇಳಿಸಿದರೆ ಮುಕ್ಕಾಲು ಉಳಿತಾಯ. ಕಣ್ಣಿಗೆ ಕಾಣುವ ವ್ಯತ್ಯಾಸ ಮಾತ್ರ, ವಿಮಾನದ ಹೊರಮೈ ಬಳಿ ಹೋಗಿ ಮೂಗು ತಾಗಿಸಿ ನೋಡಿದರೆ ಉಂಟು. ಎಷ್ಟು ದೂರದವರೆಗೆ ಮನೆ, ಮರ ವಿವರವಾಗಿ ಕಾಣಬೇಕು ಎಂಬ ಅಳತೆ ಎರಡನ್ನೂ ಕೇಳುತ್ತದೆ. ದೂರವನ್ನು ಇಮ್ಮಡಿ ಮಾಡಿದರೆ ಸುತ್ತಲಿನ ಕ್ಷೇತ್ರ ನಾಲ್ಮಡಿ.

ಇನ್ನೂ ಒಂದು. ದುಡಿಮೆ ಹೆಚ್ಚಾದರೆ ಸಿಮ್ಯುಲೇಟರ್ ಮೆಲ್ಲಗೆ ನಿಧಾನವಾಗುತ್ತದೆ, ಮುನ್ಸೂಚನೆ ಕೊಡುತ್ತದೆ. ಜಾಗ ಹಾಗಲ್ಲ. ಕೊನೆಯ ಚಮಚದ ತನಕ ಎಲ್ಲ ಸರಿಯಾಗೇ ಇರುತ್ತದೆ. ಹುಬ್ಬಳ್ಳಿಯಲ್ಲಿ ಹುಡುಗ ನೋಡಿದ ಅಂಕಿ ದುಡಿಮೆಯದು, ತೊಂದರೆ ಕಾದಿದ್ದು ಜಾಗದಲ್ಲಿ.

ಇಷ್ಟನ್ನೂ ಪೌಳಿಗೆ ಒರಗಿ ಕಾಕಾ ಕೇಳಿದರು. ಬಾಯಿ ಮುಕ್ಕಳಿಸಿ ಉಗುಳಿ ಬಂದು ಅಂದರು:

“ಅಲ್ರೀ ಮಾಸ್ತರ, ಚಕ್ಕಡಿ ಹೇರೂದು ಹೊಲದಾಗಿನ ಸಪಾಟ ನೋಡಿ ಅಲ್ಲ. ಹೊಲದಾಗ ಎಷ್ಟ ಕಣಕಿ ಹೇರಿದ್ರೂ ಎತ್ತು ಎಳೀತಾವು. ಮನೀಗೆ ಬರೂ ಮುಂದ ಹಳ್ಳ ಬರ್ತೈತಿ. ಹಳ್ಳದ ಏರಿಗೆ ಎಷ್ಟ ಎಳೀತಾವು, ಅದನ್ನ ನೋಡಿ ಹೇರಬೇಕು. ಇಲ್ಲಂದ್ರ ಸಂಜೀಕ ಕತ್ತಲದಾಗ ಅರ್ಧ ಹೇರು ಹಳ್ಳದಾಗ ಇಳಿಸಿ ಬರಬೇಕಾಗ್ತೈತಿ. ನಾ ಇಳಿಸೇನಿ.”

ಇಷ್ಟು ವರ್ಷ ಸಿಮ್ಯುಲೇಟರ್ ಹಚ್ಚಿದವನು ನಾನು. ನನಗೆ ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಎಲ್ಲರೂ ಹೊರಡುವ ನಿಲ್ದಾಣದಲ್ಲಿ ನಿಂತು ಸೆಟ್ಟಿಂಗ್ ಮಾಡುತ್ತೇವೆ, ಏಕೆಂದರೆ ವಿಮಾನ ಅಲ್ಲಿ ನಿಂತಿರುತ್ತದೆ. ಇಳಿಯುವ ಊರಿನಲ್ಲಿ ಮಾಡಬೇಕು.

ಅಂದೇ ಸಂಜೆ ಶಾಲೆಯಿಂದ ಬಂದು ವಿಮಾನವನ್ನು ನೇರ ಜಕ್ಕೂರಿನ ಮುಂದೆ, ಮೂರು ಮೈಲಿ ದೂರದ ಗಾಳಿಯಲ್ಲಿ ನಿಲ್ಲಿಸಿದೆ. ಸ್ವಾತಂತ್ರ್ಯ ಬಂದ ಹೊಸದರಿಂದ ಸರ್ಕಾರಿ ವಿಮಾನ ತರಬೇತಿ ಶಾಲೆ ನಡೆದು ಬಂದಿರುವ ಜಾಗ ಅದು. ಸುತ್ತ ಈಗ ನಗರ ಒತ್ತಿಕೊಂಡಿದೆ. ನನ್ನ ಹಾದಿಯ ಹಳ್ಳ ಅದೇ. ಅಲ್ಲಿ ಕೂತು ಇಳಿಸುತ್ತ ಬಂದೆ. ಟೆಕ್ಸ್ಚರ್ ಒಂದು ಮೆಟ್ಟಿಲು ಕೆಳಗೆ. ದೂರದ ಅಳತೆ 200 ಇದ್ದದ್ದು 100ಕ್ಕೆ. ನಿಲ್ದಾಣದ ಬಸ್ಸು, ಜೀಪು, ನಿಂತ ವಿಮಾನಗಳು ತೀರ ಕಡಿಮೆ. ನೀರಿನೊಳಗಿನ ಪ್ರತಿಬಿಂಬ ತೆಗೆದೆ. ಚಿತ್ರದ ಓಟವನ್ನು 30ಕ್ಕೆ ಕಟ್ಟಿದೆ, ಒಮ್ಮೆ ಐವತ್ತು ಒಮ್ಮೆ ಇಪ್ಪತ್ತು ಎಂದು ಜಗ್ಗಾಡುವುದಕ್ಕಿಂತ ಒಂದೇ ಹದದ ಮೂವತ್ತು ಕಣ್ಣಿಗೂ ಕೈಗೂ ಹಿತ.

ಬಿಡದೇ ಉಳಿಸಿಕೊಂಡದ್ದು ಎರಡು. ಆನಿಸೋಟ್ರೋಪಿಕ್ ಫಿಲ್ಟರಿಂಗ್ ಎಂಬ ಉದ್ದ ಹೆಸರಿನದು 16ಕ್ಕೆ ಇತ್ತು, ಹಾಗೇ ಬಿಟ್ಟೆ. ಇಳಿಯುವಾಗ ನೆಲವನ್ನು ಮೇಲಿನಿಂದ ನೋಡುವುದಿಲ್ಲ, ಓರೆಯಾಗಿ ನೋಡುತ್ತೇವೆ; ಓರೆ ನೋಟದಲ್ಲಿ ರನ್‌ವೇಯ ಬಿಳಿ ಗೆರೆ ಕಲಸಿ ಹೋಗದಂತೆ ಹಿಡಿಯುವುದು ಅದು, ಕೇಳುವ ಬಾಡಿಗೆಯೂ ಕಡಿಮೆ. ಇನ್ನೊಂದು, ನೆಲದ ಉಪಗ್ರಹ ಚಿತ್ರದ ಸ್ಪಷ್ಟತೆ. ಅದನ್ನೂ ಇಳಿಸಿದ್ದರೆ ಇನ್ನಷ್ಟು ಜಾಗ ಸಿಗುತ್ತಿತ್ತು. ಆದರೆ ನಾನು ಹಾರುವುದು ಕನ್ನಡಿ ಮಹಲು ನೋಡಲಿಕ್ಕಲ್ಲ, ನಮ್ಮ ನೆಲ ನೋಡಲಿಕ್ಕೆ.

ಮೊಮ್ಮಗ ಫೋನಿನಲ್ಲಿ, “ಸರ್, ಇನ್ನ 16 ಜಿಬಿ ರ‍್ಯಾಮ್ ಹಾಕಿಸಿಬಿಡ್ರಲ್ಲ,” ಎಂದ. ಹಾಕಿಸಬಹುದು, ಡಬ್ಬಿ ದೊಡ್ಡದಾಗುತ್ತದೆ. ಪರಾತ ಮಾತ್ರ ಅಷ್ಟೇ ಇರುತ್ತದೆ. ಕಾರ್ಡಿನ ಮೆಮರಿ ಅದರ ಹಲಗೆಗೇ ಬೆಸೆದದ್ದು.

ಆ ರಾತ್ರಿ ಜಕ್ಕೂರಿನಲ್ಲಿ ಮೂರು ಸಲ ಇಳಿದೆ.

ಭಾನುವಾರ ಕಾಕಾ ತಾವಾಗಿ ಬಂದರು. ವಿಮಾನ ಹತ್ತಿದವರಲ್ಲ. 2003ರಲ್ಲಿ ಏರ್ ಡೆಕ್ಕನ್ ಹುಬ್ಬಳ್ಳಿಗೆ ಹಾರಲು ತೊಡಗಿದಾಗ ನೋಡಬೇಕೆಂದು ಆಸೆಪಟ್ಟಿದ್ದರಂತೆ, ಬಿತ್ತಿಗೆ ಹೊತ್ತು, ಆಗಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿದೆ. ಈ ಸಲ ಜಕ್ಕೂರಿನಿಂದ ಹುಬ್ಬಳ್ಳಿಗೆ. ಹೆದ್ದಾರಿ ಹಿಡಿದು ತುಮಕೂರು, ಶಿರಾ, ಚಿತ್ರದುರ್ಗದ ಬಂಡೆಗಳು, ದಾವಣಗೆರೆ. ಹರಿಹರದಲ್ಲಿ ತುಂಗಭದ್ರೆ. ಅಲ್ಲಿಂದ ಹೆದ್ದಾರಿ ಬಿಟ್ಟು ರೈಲು ಹಳಿ ಹಿಡಿದೆ. ರಾಣೆಬೆನ್ನೂರು, ಹಾವೇರಿ, ವರದಾ ನದಿಯ ಬಾಗು. ಸವಣೂರಿನ ಮೇಲೆ ಬಂದಾಗ ಕಾಕಾ ಕಲ್ಮಠದ ದೊಡ್ಡ ಹುಣಸೆ (ಬಾವೋಬಾಬ್) ಮರಗಳನ್ನು ಹುಡುಕಿದರು. ಆ ಮರಗಳ ಬುಡ ಎಷ್ಟು ದಪ್ಪವೆಂದು ನೋಡಿದವರಿಗೆ ಗೊತ್ತು. ಪರದೆಯಲ್ಲಿ ಅಲ್ಲಿ ಸಾದಾ ಮರಗಳಿದ್ದವು. ಚಿತ್ರದಲ್ಲಿ ಹಸಿರು ಕಂಡಲ್ಲಿ ಯಂತ್ರ ತನಗೆ ಗೊತ್ತಿರುವ ಮರ ನೆಡುತ್ತದೆ. ಕಾಕಾಗೆ ಅದು ಹಿಡಿಸಲಿಲ್ಲ. ನನಗೂ ಹಿಡಿಸುವುದಿಲ್ಲ.

ಯಲವಿಗಿ ಸ್ಟೇಷನ್ ಬಂತು. ಕಾಕಾ ಪರದೆಗೆ ಬೆರಳಿಟ್ಟರು. ಹಳಿಯ ಪೂರ್ವಕ್ಕೆ, ಬದುವಿನ ಮೂಲೆಯೊಳಗೆ ಒಂದು ಕಪ್ಪು ಚುಕ್ಕಿ.

“ಹೊಲ ನಂದs. ಪೀಕು ಎಲ್ಲಿ?”

ಹೊರಗೆ ಅದೇ ಹೊಲದಲ್ಲಿ ಗೋವಿನಜೋಳ ಮೊಳಕಾಲುದ್ದ ನಿಂತಿದೆ. ಪರದೆಯದು ಹರಗಿ ಬಿಟ್ಟ ಬೇಸಿಗೆಯ ಎರಿ. ಚಿತ್ರ ಮೇಲಿನಿಂದ ತೆಗೆದ ದಿನದ ಹೊಲ ಇದು, ಇಂದಿನದಲ್ಲ ಎಂದೆ. ಯಾವ ವರ್ಷದ್ದೋ ಹೇಳಲಾರೆ ಎಂದೆ.

ಕಾಕಾ ಆ ಕಪ್ಪು ಚುಕ್ಕಿಯನ್ನೇ ನೋಡುತ್ತಿದ್ದರು. ಅದರಿಂದ ಪಡುವಣಕ್ಕೆ ಒಂದು ಎಳೆ ನೆರಳು ಚಾಚಿತ್ತು.

“ನಾ ಹೇಳ್ತೀನಿ. ಅದು ಬದುವಿನ ಜಾಲಿ. ಕಡಿಸಿ ಮೂರು ವರ್ಷ ಆತು. ಅದನ್ನ ಕಡಿಸಿದ ವರ್ಷನs ಎತ್ತು ಮಾರಿದ್ದು, ಅದಾದ ಮ್ಯಾಲೆ.” ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂದ್ರ ಈ ಚಿತ್ರದಾಗ ನಮ್ಮ ಎತ್ತು ಇನ್ನ ಮನ್ಯಾಗ ಅದಾವು. ಮುಂಜಾನೆ ನೆರಳು ಐತಿ ಇದು. ಅಷ್ಟೊತ್ತಿಗೆ ಕೊಟ್ಟಿಗಿ ಹೊರಗ ಕಟ್ಟಿರ್ತಿದ್ದೆ. ಒಂದಿಷ್ಟು ಕೆಳಗ ಇಳಸ್ರಿ ಮಾಸ್ತರ.”

ಹುಬ್ಬಳ್ಳಿ ಇನ್ನೂ ಕಾಲು ತಾಸಿನ ಹಾದಿ. ಥ್ರಾಟಲ್ ಹಿಂದಕ್ಕೆ ಎಳೆದು, ಸ್ಟೇಷನ್ನಿನ ಮೇಲಿಂದ ಎಡಕ್ಕೆ ಹೊರಳಿಸಿ ಊರಿನ ಕಡೆ ಇಳಿಸತೊಡಗಿದೆ.